ಹಾಯಿಗೂ ಮೊದಲು ಈಜು

ಮಳೆಗಾಲ ಮುಗಿದು ಕರಾವಳಿಯಲ್ಲಿ ಗಾಳಿ ದಿಕ್ಕು ಬದಲಿಸುವ ಕಾಲವಿದು. ಮುಲ್ಕಿ, ಸಸಿಹಿತ್ಲು, ಪಣಂಬೂರಿನ ಕಡಲು ಇಂದು ಸರ್ಫಿಂಗ್‌ಗೆ ಹೆಸರುವಾಸಿ. 2016ರಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಹಲಗೆಗೆ ಹಾಯಿ ಜೋಡಿಸಿ ಗಾಳಿಯ ಬಲದಲ್ಲೇ ಸಾಗುವ ವಿಂಡ್‌ಸರ್ಫಿಂಗ್ 1984ರಿಂದ ಒಲಿಂಪಿಕ್ಸ್‌ನಲ್ಲೂ ಇದೆ.

ಹಾಯಿ ಹಡಗಿನ ವ್ಯಾಪಾರ ಬ್ಯಾರಿ ಹಿರಿಯರಿಗೆ ಹೊಸದಲ್ಲ. ಆದರೆ ನಮ್ಮ ಎಷ್ಟೋ ಮಕ್ಕಳು ದಡದಲ್ಲಿ ನಿಂತು ಮೊಬೈಲಲ್ಲಿ ಫೋಟೋ ತೆಗೆಯೋದಷ್ಟೇ. ಕಡಲು ಅಂದ್ರೆ ಭಯ, ಇಲ್ಲವೇ ಹುಚ್ಚು ಧೈರ್ಯ. ಎರಡೂ ತಪ್ಪು.

ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುವ ಗಾಳಿ ಹಿತವಾಗಿ ಕಾಣುತ್ತದೆ. ಹಲಗೆಯನ್ನು ದಡದಿಂದ ದೂರ ತಳ್ಳುವುದೂ ಅದೇ ಗಾಳಿ. ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತು. ನೀರಿಗಿಳಿಯುವ ಮುನ್ನ ಅವರನ್ನು ಕೇಳಬೇಕು. ಲೈಫ್ ಜಾಕೆಟ್ ಬೇಕೇ ಬೇಕು. ಅದಕ್ಕೂ ಮೊದಲು ಈಜು ಬರಬೇಕು.

ಈ ಮಾತು ಕರಾವಳಿಗಷ್ಟೇ ಅಲ್ಲ. ನಮ್ಮ ಭಾರತೀನಗರದ ಕಡೆ ಕಡಲಿಲ್ಲ, ನಾಲೆ ಇದೆ, ಕೆರೆ ಇದೆ. ಈಜು ಬಾರದ ಮಗುವಿಗೆ ನಾಲೆಯೂ ಕಡಲೇ. ಜಮಾಅತ್‌ಗಳು, ಯುವಕ ಸಂಘಗಳು ದಸರಾ ರಜೆಯಲ್ಲಿ ಒಬ್ಬ ತರಬೇತುದಾರರನ್ನು ಗೊತ್ತು ಮಾಡಲಿ. ಹೆಣ್ಣುಮಕ್ಕಳಿಗೂ ಪ್ರತ್ಯೇಕ ಹೊತ್ತು, ಕಲಿಸಲು ಮಹಿಳೆಯರು ಇರಲಿ. ಸಭೆ, ಸನ್ಮಾನಗಳಿಗೆ ಮಾಡುವ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಸಾಕು.