ಫಾತೋರ್ಡಾದ ಪಾಠ

ಗೋವೆಯ ಮಡಗಾಂವಿಗೆ ತಾಗಿಕೊಂಡಿರುವ ಫಾತೋರ್ಡಾ ಕ್ರೀಡಾಂಗಣದಲ್ಲಿ 2025ರ ಅಕ್ಟೋಬರ್ 14ರಂದು ಭಾರತದ ಕಾಲ್ಚೆಂಡು ತಂಡ ಸಿಂಗಾಪುರದ ಎದುರು 1-2 ಗೋಲುಗಳಿಂದ ಸೋತಿತು. ಹದಿನಾಲ್ಕನೆಯ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಮುನ್ನಡೆ ನಮ್ಮದೇ ಆಗಿತ್ತು. ವಿರಾಮಕ್ಕೆ ಮುನ್ನ ಒಂದು, ವಿರಾಮದ ನಂತರ ಇನ್ನೊಂದು, ಹೀಗೆ ಸಿಂಗಾಪುರದ ಒಬ್ಬನೇ ಆಟಗಾರ ಎರಡು ಗೋಲು ಹೊಡೆದು ಆ ಮುನ್ನಡೆಯನ್ನು ಅಳಿಸಿಬಿಟ್ಟ. 2027ರ ಏಷ್ಯಾ ಕಪ್ಪಿಗೆ ಹೋಗುವ ಬಾಗಿಲು ಅಂದೇ ಮುಚ್ಚಿತು. ಮರುತಿಂಗಳು ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋಲಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಕಾಣದಿದ್ದ ಸೋಲು ಅದು. 2023ರ ಜುಲೈಯಲ್ಲಿ ಜಾಗತಿಕ ಪಟ್ಟಿಯಲ್ಲಿ 99ನೆಯ ಸ್ಥಾನದಲ್ಲಿದ್ದ ಭಾರತ 2025ರ ನವೆಂಬರಿನಲ್ಲಿ 142ಕ್ಕೆ ಇಳಿಯಿತು.

ಸೋಲು ಗೆಲುವು ಆಟದಲ್ಲಿ ಇದ್ದದ್ದೇ. ಆದರೆ ಈ ಸೋಲು ಗೋವೆಯ ನೆಲದಲ್ಲಿ ಆಯಿತೆಂಬುದು ಯೋಚಿಸಬೇಕಾದ ವಿಷಯ. ಕುಲದೇವರ ದರ್ಶನಕ್ಕೆಂದು ನಮ್ಮ ಜಿಲ್ಲೆಯಿಂದ ಗೋವೆಗೆ ಹೋಗಿ ಬರುವವರು ಕಂಡೇ ಇರುತ್ತಾರೆ: ಇಗರ್ಜಿಯ ಎದುರಿನ ಬಯಲಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ಸಂಜೆಯಾದರೆ ಹುಡುಗರ ಕಾಲಿನಲ್ಲಿ ಚೆಂಡು. ಕಾಲ್ಚೆಂಡನ್ನು ರಾಜ್ಯದ ಅಧಿಕೃತ ಆಟವೆಂದು ಸಾರಿಕೊಂಡ ನಾಡು ಅದು. ಅಂಥಲ್ಲಿಯೇ ದೇಶದ ತಂಡ ಮುಗ್ಗರಿಸಿದಾಗ ಕಾರಣವನ್ನು ಹನ್ನೊಂದು ಮಂದಿ ಆಟಗಾರರಲ್ಲಿ ಮಾತ್ರ ಹುಡುಕಿದರೆ ಸಾಲದು.

ಆ ಸೋಲಿನ ಎಂಟನೆಯ ದಿನ, ಅಕ್ಟೋಬರ್ 22ರಂದು, ಅದೇ ಕ್ರೀಡಾಂಗಣಕ್ಕೆ ಸೌದಿ ಅರೇಬಿಯಾದ ಅಲ್ ನಸ್ರ್ ತಂಡ ಬಂತು. ಎದುರಾಳಿ ಎಫ್.ಸಿ. ಗೋವಾ. ಅದಕ್ಕೆ ಮೊದಲು ವಾರಗಟ್ಟಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಪೋರ್ಚುಗಲಿನ ರೊನಾಲ್ಡೊ ಬರುತ್ತಾರೋ ಇಲ್ಲವೋ? ಅವರು ಬರಲಿಲ್ಲ. ಬ್ರೈಸನ್ ಫೆರ್ನಾಂಡಿಸ್ ಎಂಬ ಗೋವೆಯ ಹುಡುಗ ಒಂದು ಒಳ್ಳೆಯ ಗೋಲು ಹೊಡೆದ. ಪಂದ್ಯ 1-2ರಲ್ಲಿ ಮುಗಿಯಿತು. ಅಲ್ ನಸ್ರ್‌ನ ಮೊದಲ ಗೋಲು ಹೊಡೆದವನು ಏಂಜೆಲೊ ಎಂಬ ಇಪ್ಪತ್ತು ವರ್ಷದ ಬ್ರೆಜಿಲ್ ತರುಣ. ಪೆಲೆ ಆಡಿ ಬೆಳೆದ ಸಾಂಟೋಸ್ ಕ್ಲಬ್ಬಿನಲ್ಲೇ ಬೆಳೆದವನು. ಹದಿನೆಂಟರಲ್ಲೇ ಇಂಗ್ಲೆಂಡಿನ ಕ್ಲಬ್ಬಿಗೆ ಮಾರಾಟವಾಗಿ, ಅಲ್ಲಿಂದ ಅರೇಬಿಯಾಕ್ಕೆ ದಾಟಿದವನು. ತಮ್ಮೂರ ಹುಡುಗ ಬಲಿಯುವ ಮೊದಲೇ ಹಡಗು ಹತ್ತುವುದನ್ನು ಬ್ರೆಜಿಲಿನವರು ನೋಡುತ್ತಾರೆ. ನಮ್ಮೂರ ಹುಡುಗ ಎದುರಿಗಿದ್ದರೂ ನಾವು ಹಡಗಿನಲ್ಲಿ ಬರುವವರ ದಾರಿ ಕಾಯುತ್ತೇವೆ.

ಬ್ರೆಜಿಲ್ ಎಂದೊಡನೆ ನಮ್ಮ ಕಾಸರಗೋಡು ಸೀಮೆಯಲ್ಲಿ ಹಳದಿ ಬಾವುಟ ನೆನಪಾಗದಿರದು. ವಿಶ್ವಕಪ್ ಬಂದರೆ ಇಲ್ಲಿನ ಅಡ್ಡರಸ್ತೆಗಳಲ್ಲಿ ಎದ್ದು ನಿಲ್ಲುವ ಕಟೌಟುಗಳಿಗೆ ಲೆಕ್ಕವಿಲ್ಲ. 1958, 1962, 1970, 1994, 2002, ಹೀಗೆ ಐದು ಸಲ ಗೆದ್ದ ದೇಶವೆಂಬ ಅಭಿಮಾನ ನಮ್ಮವರಿಗೆ ಬ್ರೆಜಿಲಿನವರಷ್ಟೇ ಇದೆ. ಆದರೆ 2006ರಿಂದ 2022ರ ವರೆಗಿನ ಐದು ವಿಶ್ವಕಪ್‌ಗಳಲ್ಲಿ ಆ ದೇಶ ಅಂತಿಮ ಪಂದ್ಯವನ್ನೇ ಕಾಣಲಿಲ್ಲ. 2014ರಲ್ಲಿ ಸ್ವಂತ ನೆಲದಲ್ಲಿ ಜರ್ಮನಿಯ ಎದುರು 1-7ರಿಂದ ಸೋತಿತು. 2023ರಲ್ಲಿ ಮಾರಕಾನಾ ಮೈದಾನದಲ್ಲಿ ಅರ್ಜೆಂಟೀನಾಕ್ಕೆ ಮಣಿದದ್ದು, ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅದು ತವರಿನಲ್ಲಿ ಕಂಡ ಮೊತ್ತಮೊದಲ ಸೋಲು. 2026ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ದಕ್ಷಿಣ ಅಮೆರಿಕದ ಹತ್ತು ದೇಶಗಳ ನಡುವೆ ಅದಕ್ಕೆ ದಕ್ಕಿದ್ದು ಐದನೆಯ ಸ್ಥಾನ. ಕೊನೆಗೆ 2025ರಲ್ಲಿ ಇಟಲಿಯವರಾದ ಆಂಚೆಲೊಟ್ಟಿ ಎಂಬ ತರಬೇತುದಾರರನ್ನು ಕರೆತರಬೇಕಾಯಿತು.

ಹಳೆಯ ವೀರರು ಆ ದೇಶದಲ್ಲಿ ಕಡಿಮೆಯಿಲ್ಲ. 2002ರ ಕಪ್ಪನ್ನು ತಂದುಕೊಟ್ಟ ಬ್ರೆಜಿಲಿನ ರೊನಾಲ್ಡೊ, ತಂಡದ ದುರವಸ್ಥೆಯನ್ನು ಕಂಡು, ಕಾಲ್ಚೆಂಡು ಮಹಾಸಂಘದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವುದಾಗಿ 2024ರ ಕೊನೆಗೆ ಸಾರಿದರು. 2025ರ ಮಾರ್ಚಿನಲ್ಲಿ ಹಿಂದೆ ಸರಿದರು. ಕಾರಣ ಅವರೇ ಹೇಳಿದ್ದಾರೆ: 27 ರಾಜ್ಯ ಸಂಘಗಳ ಪೈಕಿ 23 ಸಂಘಗಳು ಅವರ ಮಾತು ಕೇಳುವುದಕ್ಕೂ ಬಾಗಿಲು ತೆರೆಯಲಿಲ್ಲ. ಪಟವನ್ನು ಗೋಡೆಗೆ ತೂಗುಹಾಕುವವರು ಆ ಮನುಷ್ಯ ಮನೆ ಬಾಗಿಲಿಗೆ ಬಂದಾಗ ಅಗುಳಿ ಹಾಕಿಕೊಂಡರು.

ಇದು ಪರದೇಶದ ಸಂಗತಿಯೆಂದು ನಗಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಅಧ್ಯಕ್ಷ ಚುನಾವಣೆ ನಡೆಯಿತು. ದೇಶದ ತಂಡದ ನಾಯಕರಾಗಿ ವರ್ಷಗಟ್ಟಲೆ ಆಡಿದ ಭೈಚುಂಗ್ ಭುಟಿಯಾ ಅವರಿಗೆ ಬಿದ್ದ ಮತ ಒಂದು. ಎದುರಾಳಿಗೆ 33. ಗೆದ್ದ ಕಲ್ಯಾಣ್ ಚೌಬೆ ಅವರೂ ಹಿಂದೆ ಗೋಲ್‌ಕೀಪರ್ ಆಗಿದ್ದವರೇ, ಆದುದರಿಂದ ಆಟಗಾರನೊಬ್ಬ ಅಧ್ಯಕ್ಷನಾದನೆಂದು ಹೇಳಿಕೊಳ್ಳಬಹುದು. ಆದರೆ ಮತ ಹಾಕಿದವರು ಆಟಗಾರರಲ್ಲ, ರಾಜ್ಯ ಸಂಘಗಳ ಪದಾಧಿಕಾರಿಗಳು. ಕುರ್ಚಿಗೆ ಆಟಗಾರ ಬಂದರೂ ಕುರ್ಚಿಯ ಕಾಲುಗಳು ಬೇರೆಯವರ ಕೈಯಲ್ಲಿದ್ದರೆ ಫಲವೇನು ಎಂಬುದನ್ನು ಆ ಬಳಿಕದ ಮೂರು ವರ್ಷಗಳು ತೋರಿಸಿಕೊಟ್ಟವು. 2025ರ ಜುಲೈಯಲ್ಲಿ ದೇಶದ ಮೊದಲ ದರ್ಜೆಯ ಲೀಗ್ ಪಂದ್ಯಾಟವನ್ನೇ ತಡೆಹಿಡಿಯಲಾಯಿತು. ಕೆಲವು ಕ್ಲಬ್ಬುಗಳು ಸಂಬಳ ನಿಲ್ಲಿಸಿದವು. ಮೈದಾನವಿಲ್ಲದೆ ಕುಳಿತ ಆಟಗಾರರಿಂದ ಏಷ್ಯಾ ಕಪ್ಪನ್ನು ನಿರೀಕ್ಷಿಸಲಾಯಿತು.

ಗೋವೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಸಾಲಗಾಂವ್ಕರ್, ಡೆಂಪೊ, ಚರ್ಚಿಲ್ ಬ್ರದರ್ಸ್, ಸೆಸಾ, ವಾಸ್ಕೊ: ಈ ಹೆಸರುಗಳನ್ನು ಕೇಳದ ಹಳೆಯ ಕಾಲ್ಚೆಂಡು ಪ್ರೇಮಿ ನಮ್ಮ ಕರಾವಳಿಯಲ್ಲಿ ಇರಲಾರ. 1983ರಲ್ಲಿ ಬಂಗಾಲದೊಡನೆ ಜಂಟಿಯಾಗಿ, 1984ರಲ್ಲಿ ಮದರಾಸಿನಲ್ಲಿ ಒಂಟಿಯಾಗಿ ಗೋವೆ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಗೋಲಿನ ಮುಂದೆ ನಿಂತವರು ಬ್ರಹ್ಮಾನಂದ ಸಂಖವಾಳ್ಕರ್. ಮುಂದೆ ಭಾರತ ತಂಡದ ನಾಯಕರೂ ಆದರು. ಅವರ ಹಿಂದೆ ಮಾರಿಸಿಯೊ ಅಫೊನ್ಸೊ, ಬ್ರೂನೊ ಕುಟಿನ್ಹೊ, ಆ ಮೇಲೆ ಮಹೇಶ್ ಗಾವ್ಳಿ, ಸಮೀರ್ ನಾಯಕ್, ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡ, ಹೀಗೆ ಒಬ್ಬರ ಹಿಂದೆ ಒಬ್ಬರು ದೇಶದ ತಂಡಕ್ಕೆ ಬಂದರು. 2006-07ರಿಂದ 2012-13ರ ತನಕ ಸತತ ಏಳು ವರ್ಷ ದೇಶದ ಲೀಗ್ ಕಿರೀಟ ಗೋವೆಯ ಯಾವುದಾದರೊಂದು ಕ್ಲಬ್ಬಿನ ಪಾಲಾಯಿತು. ಡೆಂಪೊ ತಂಡಕ್ಕೆ ಐದು ಸಲ ಕಿರೀಟ ತೊಡಿಸಿದ ಆರ್ಮಾಂಡೊ ಕೊಲಾಸೊ ಹೊರಗಿನಿಂದ ಬಂದವರಲ್ಲ, ಗೋವೆಯವರೇ.

ಇದು ಹೇಗೆ ಸಾಧ್ಯವಾಯಿತು? ಊರಿಗೊಂದು ಮೈದಾನವಿತ್ತು. ಊರೂರಿನ ನಡುವೆ ಪಂದ್ಯವಿತ್ತು. ಅಲ್ಲಿ ಮಿಂಚಿದ ಹುಡುಗನನ್ನು ಹೆಕ್ಕಿಕೊಳ್ಳುವ ಕ್ಲಬ್ಬು ಹತ್ತು ಹದಿನೈದು ಮೈಲಿಯೊಳಗೇ ಇತ್ತು. ಆಡಿ ಹಣ್ಣಾದವನು ಅದೇ ಬಯಲಿನ ಅಂಚಿನಲ್ಲಿ ನಿಂತು ಎಳೆಯರ ತಪ್ಪು ತಿದ್ದುತ್ತಿದ್ದ. ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದರೂ ಸರಪಳಿ ನಿಲ್ಲದು.

ಕಳಚಿದ್ದು ಹೇಗೆಂದು ಎಲ್ಲರೂ ಬಲ್ಲರು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿತು. ಅದನ್ನೇ ಮೊದಲ ದರ್ಜೆಗೇರಿಸಿ, ಹಳೆಯ ಐ-ಲೀಗನ್ನು ಕೆಳಗಿಳಿಸುವ ಯೋಜನೆ ಬಂದಾಗ, 2016ರಲ್ಲಿ ಡೆಂಪೊ, ಸಾಲಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ಬುಗಳು ಪ್ರತಿಭಟಿಸಿ ರಾಷ್ಟ್ರೀಯ ಲೀಗಿನಿಂದ ಹೊರಬಿದ್ದವು. ದಶಕಗಟ್ಟಲೆ ಆಟಗಾರರನ್ನು ಸಾಕಿದ ಮನೆಗಳು ಒಂದೇ ಏಟಿಗೆ ದೊಡ್ಡ ಆಟದಿಂದ ದೂರವಾದವು. ಡೆಂಪೊ ಮರಳಿ ಐ-ಲೀಗಿಗೆ ಕಾಲಿಟ್ಟದ್ದು 2024ರಲ್ಲಿ.

ಹಳೆಯದೆಲ್ಲ ಹೊನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಡೆಂಪೊ, ಸಾಲಗಾಂವ್ಕರರಂಥವರ ಕ್ಲಬ್ಬುಗಳು ಗಣಿ ಒಡೆಯರ ಔದಾರ್ಯದಲ್ಲಿ ನಡೆದವು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೋವೆಯ ಗಣಿಗಾರಿಕೆಯನ್ನು ತಡೆದಾಗ ಆ ಔದಾರ್ಯದ ಬುಗ್ಗೆ ಬತ್ತದೆ ಇರಲಿಲ್ಲ. ಒಡೆಯನ ಮನಸ್ಸನ್ನೇ ನಂಬಿಕೊಂಡ ಆಟಕ್ಕೆ ಭದ್ರ ಬುನಾದಿ ಇರದು. ಹೊಸ ಲೀಗು ಬಂದ ಮೇಲೆ ಜನ ಮೈದಾನಕ್ಕೆ ಮರಳಿದರು, ಆಟಗಾರರಿಗೆ ಕಾಸು ಸಿಕ್ಕಿತು ಎಂಬುದನ್ನೂ ಒಪ್ಪಬೇಕು.

ಆ ಹೊಸ ಲೀಗಿನ ಮೂಲಕವೇ ಬ್ರೆಜಿಲಿನ ನಿವೃತ್ತ ತಾರೆ ಜಿಕೊ ಗೋವೆಗೆ ಬಂದರು. 1978, 1982, 1986ರ ಮೂರು ವಿಶ್ವಕಪ್‌ಗಳಲ್ಲಿ ಆಡಿದ, ಜಪಾನಿಗೆ ಹೋಗಿ ಆ ದೇಶದ ಆಟವನ್ನು ಎತ್ತಿ ನಿಲ್ಲಿಸಿದ ಮಹಾನುಭಾವರು ಅವರು. 2014ರಿಂದ ಮೂರು ಹಂಗಾಮು ಎಫ್.ಸಿ. ಗೋವಾಕ್ಕೆ ತರಬೇತುದಾರರಾದರು. 2002ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ರಕ್ಷಣಾ ಆಟಗಾರ ಲೂಸಿಯೊ ಅವರ ಕೈಕೆಳಗೆ ಆಡಿದರು. 2015ರಲ್ಲಿ ತಂಡ ಫೈನಲಿಗೆ ಏರಿತು, ಇದೇ ಫಾತೋರ್ಡಾದಲ್ಲಿ ಚೆನ್ನೈಯ ತಂಡಕ್ಕೆ 2-3ರಿಂದ ಸೋತಿತು. ಜಿಕೊ ಬರಿಯ ಪ್ರದರ್ಶನದ ಬೊಂಬೆಯಾಗಿರಲಿಲ್ಲ. ರೋಮಿಯೊ ಫೆರ್ನಾಂಡಿಸ್ ಎಂಬ ಗೋವೆಯ ಹುಡುಗ ಅವರ ಕಣ್ಣಿಗೆ ಬಿದ್ದು ಪಳಗಿ, 2015ರಲ್ಲಿ ಬ್ರೆಜಿಲಿನ ಅತ್ಲೆಟಿಕೊ ಪರನಾಯೆನ್ಸ್ ಕ್ಲಬ್ಬಿಗೆ ಹೋಗಿ ಆಡಿ ಬಂದ.

ಆದರೆ ಮರೆಯಬಾರದ ಮಾತೊಂದಿದೆ. ಜಿಕೊ ಕೈಗೆ ಸಿಗುವಾಗ ರೋಮಿಯೊ ಡೆಂಪೊ ಕ್ಲಬ್ಬಿನ ಹುಡುಗನಾಗಿದ್ದ. ಗುರು ಸಾಣೆ ಹಿಡಿಯಬಲ್ಲ, ಕಬ್ಬಿಣವನ್ನು ಅಗೆದು ತರಬೇಕಾದವರು ಊರಿನವರು. ಅಗೆಯುವವರನ್ನು ಓಡಿಸಿ ಸಾಣೆಯವನನ್ನು ಕೂರಿಸಿಕೊಂಡರೆ ಹರಿಯಲು ಕತ್ತಿಯೇ ಇರದು. ಜಿಕೊ 2016ರ ಕೊನೆಗೆ ಮರಳಿದರು. ಡೆಂಪೊ ಅದೇ ವರ್ಷ ರಾಷ್ಟ್ರೀಯ ಲೀಗಿನಿಂದ ಹೊರಬಿದ್ದಿತ್ತು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿ ಹಳೆಯದು. ಮದ್ದಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಕ್ಲಿಫರ್ಡ್ ಮಿರಾಂಡ ತಾತ್ಕಾಲಿಕ ತರಬೇತುದಾರರಾಗಿ ನಿಂತು 2023ರಲ್ಲಿ ಕೋಝಿಕ್ಕೋಡಿನ ಮೈದಾನದಲ್ಲಿ ಒಡಿಶಾ ತಂಡಕ್ಕೆ ಸೂಪರ್ ಕಪ್ ಗೆದ್ದುಕೊಟ್ಟರು. ಮಹೇಶ್ ಗಾವ್ಳಿ ದೇಶದ ತರುಣರಿಗೆ ಕಲಿಸುವ ಕೆಲಸದಲ್ಲಿ ತೊಡಗಿದರು. ಆರ್ಮಾಂಡೊ ಕೊಲಾಸೊ ಅವರಿಗೆ 2024ರ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ಬ್ರಹ್ಮಾನಂದರಿಗೆ ಅರ್ಜುನ ಪ್ರಶಸ್ತಿ 1997ರಲ್ಲಿ, ಪದ್ಮಶ್ರೀ 2022ರಲ್ಲಿ ದೊರೆತವು. ಸಂತೋಷವೇ. ಆದರೆ ಶಾಲು ಹೊದಿಸಿ ಮನೆಗೆ ಕಳುಹಿಸುವುದರೊಂದಿಗೆ ನಮ್ಮ ಕರ್ತವ್ಯ ತೀರದು. ಅವರನ್ನು ಮೈದಾನಕ್ಕೆ ಕರೆದು ಹತ್ತು ವರ್ಷದ ಮಕ್ಕಳನ್ನು ಅವರ ಕೈಗೆ ಒಪ್ಪಿಸುವುದೇ ನಿಜವಾದ ಮರ್ಯಾದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಅರ್ಜೆಂಟೀನಾ ತಂಡ 2025ರ ನವೆಂಬರಿನಲ್ಲಿ ಕೊಚ್ಚಿಗೆ ಬರುವುದೆಂದು ಸರಕಾರವೇ ಡಂಗುರ ಸಾರಿತು. ತಂಡ ಬರಲಿಲ್ಲ. ಡಿಸೆಂಬರಿನಲ್ಲಿ ಮೆಸ್ಸಿ ಕಲ್ಕತ್ತೆಗೆ ಬಂದಾಗ ಸಾವಿರಾರು ರೂಪಾಯಿ ತೆತ್ತವರು ಅವರ ಮುಖವನ್ನೂ ಸರಿಯಾಗಿ ಕಾಣದೆ ರೊಚ್ಚಿಗೆದ್ದು ಕುರ್ಚಿಗಳನ್ನು ಎಸೆದರು. ಈ ಗಲಾಟೆಯ ನಡುವೆ ತೃಕ್ಕರಿಪುರದ ಮಹಮ್ಮದ್ ರಾಫಿಯನ್ನು ಎಷ್ಟು ಮಂದಿ ನೆನೆದರು? ದೇಶಕ್ಕಾಗಿ ಆಡಿ, ಗೋವೆಯ ಚರ್ಚಿಲ್ ತಂಡದಲ್ಲೂ ಆಡಿ, 2016ರ ಸೂಪರ್ ಲೀಗ್ ಫೈನಲಿನಲ್ಲಿ ಕೇರಳದ ಪರ ತಲೆಯಿಂದ ಗೋಲು ಹೊಡೆದ ಆಟಗಾರ ನಮ್ಮ ಜಿಲ್ಲೆಯವರೇ. ಮೊಗ್ರಾಲಿನಂಥ ಊರಲ್ಲಿ ತಲೆಮಾರುಗಳಿಂದ ಕಾಲ್ಚೆಂಡು ಬೇರೂರಿದೆ. ಆಡಿ ನಿವೃತ್ತರಾದ ಹಿರಿಯರು ಅಲ್ಲಿ ಇಂದಿಗೂ ಸಂಜೆಯ ಆಟ ನೋಡಲು ಬಂದು ನಿಲ್ಲುತ್ತಾರೆ.

ಶಾಲೆಗಳ ಸ್ಥಿತಿ ಮಾತ್ರ ದುಃಖದ್ದು. ಮಕ್ಕಳ ಸಂಖ್ಯೆ ನೋಡಿ ದೈಹಿಕ ಶಿಕ್ಷಕರ ಹುದ್ದೆ ಮಂಜೂರು ಮಾಡುವ ಪದ್ಧತಿಯಲ್ಲಿ, ಸಂಖ್ಯೆ ಇಳಿಯುತ್ತಿರುವ ಕನ್ನಡ ಮಾಧ್ಯಮದ ಶಾಲೆಗಳಿಗೆ ಮೊದಲ ಪೆಟ್ಟು ಬೀಳುತ್ತದೆ. ಆಟದ ಪೀರಿಯಡಿಗೆ ಗಣಿತದ ಮೇಷ್ಟ್ರು ಚೆಂಡು ಎಸೆದು ನೆರಳಿನಲ್ಲಿ ನಿಲ್ಲುತ್ತಾರೆ. ಅವರ ತಪ್ಪಲ್ಲ, ಅವರಿಗೆ ಅದು ಗೊತ್ತಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿಗೆ ಸೇರಿದ ಹುಡುಗ ಬಯಲಿನಲ್ಲಿ ಮೊದಲಿಗನಾಗುವುದನ್ನು ಕಂಡ ಯಾವ ಶಿಕ್ಷಕನಿಗೂ ಇದರ ನಷ್ಟ ಎಷ್ಟೆಂದು ವಿವರಿಸಬೇಕಾಗಿಲ್ಲ. ಆ ಹುಡುಗನಿಗೆ ಶಾಲೆ ಬಿಡದೆ ಇರಲು ಇದ್ದ ಒಂದೇ ಕಾರಣ ಅದಾಗಿರಬಹುದು.

ಆದುದರಿಂದ ನಮ್ಮ ಸೂಚನೆಗಳು ಹೆಚ್ಚಿನವೇನಲ್ಲ. ಪಂಚಾಯತುಗಳು ತಮ್ಮ ಮಿತಿಯಲ್ಲಿರುವ ನಿವೃತ್ತ ಆಟಗಾರರ ಪಟ್ಟಿ ಮಾಡಲಿ. ವಾರಕ್ಕೆರಡು ಸಂಜೆ ಅವರನ್ನು ಹತ್ತಿರದ ಶಾಲೆಗಳಿಗೆ ಗೌರವಧನ ಕೊಟ್ಟು ಕರೆಸಲಿ. ದೈಹಿಕ ಶಿಕ್ಷಕರಿಲ್ಲದ ಸಣ್ಣ ಶಾಲೆಗಳನ್ನು, ಕನ್ನಡದ್ದಿರಲಿ ಮಲಯಾಳದ್ದಿರಲಿ, ಎರಡು ಮೂರರಂತೆ ಕೂಡಿಸಿ ಒಬ್ಬ ಶಿಕ್ಷಕನನ್ನು ಸರಕಾರ ನೇಮಿಸಲಿ. ಶಾಲೆಯ ಆಟದ ಬಯಲಿನಲ್ಲಿ ಕಟ್ಟಡ ಏಳುವ ಮೊದಲು ಊರವರು ಒಂದು ಮಾತು ಕೇಳಲಿ. ಫೆಡರೇಶನ್ನಿಗೆ 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿ ಕೊಟ್ಟ ನಿಯಮಾವಳಿಯಲ್ಲಿ ಮಾಜಿ ಆಟಗಾರರಿಗೆ ಸ್ಥಾನ ಕಲ್ಪಿಸಲಾಗಿದೆ. ಅದು ಕಾಗದದಲ್ಲೇ ಉಳಿಯದಂತೆ ರಾಜ್ಯ ಸಂಘಗಳೂ ನೋಡಿಕೊಳ್ಳಲಿ.

ಬ್ರೆಜಿಲಿನ ಬಾವುಟ ಹಾರಿಸುವ ತರುಣರ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಕಟೌಟಿಗಾಗಿ ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ತೆಗೆದು ಊರ ಶಾಲೆಗೆ ನಾಲ್ಕು ಚೆಂಡು, ಎರಡು ಗೋಲು ಬಲೆ ಕೊಡಿಸಿದರೆ ಸಾಕು. ಮೊದಲ ಮಳೆಗೆ ಕಟೌಟಿನ ಬಣ್ಣ ಹೋಗುತ್ತದೆ, ಚೆಂಡು ಮಳೆಗಾಲದಲ್ಲೂ ಉರುಳುತ್ತದೆ.