ತಲೆಯ ಮೇಲಿನ ಪಾದುಕೆ

ಹೋದ ಸಂಚಿಕೆಯಲ್ಲಿ ಮಾವಿನ ಮಿಡಿಯ ವಿಷಯ ಬರೆದು ನಾವು ಹಲವರು ಗೃಹಿಣಿಯರ ಕೋಪಕ್ಕೆ ಪಾತ್ರರಾದೆವು. ಆದ್ದರಿಂದ ಈ ಸಲ ನಾಲಗೆಯ ಗೊಡವೆ ಬಿಟ್ಟು ಕಾಲಿಗೆ ಇಳಿದಿದ್ದೇವೆ. ಮೆಟ್ಟುವ ವಸ್ತುವಿನ ಮೇಲೆ ಬರೆಯುವುದು ಮರ್ಯಾದಸ್ತರಿಗೆ ತಕ್ಕುದಲ್ಲವೆಂದು ಯಾರಾದರೂ ಮೂಗು ಮುರಿದರೆ, ಅಯೋಧ್ಯೆಯ ರಾಜ್ಯವನ್ನು ಹದಿನಾಲ್ಕು ವರ್ಷ ಆಳಿದ್ದು ಒಂದು ಜೊತೆ ಪಾದುಕೆಯೇ ಎಂಬುದನ್ನು ಅವರಿಗೆ ನೆನಪು ಮಾಡಿಕೊಟ್ಟು ಮುಂದುವರಿಯುತ್ತೇವೆ.

ನಮ್ಮ ಮನೆಯ ಪಾದುಕೆ ಅಷ್ಟು ದೊಡ್ಡ ಮನೆತನದ್ದಲ್ಲ. ಶಿರಸಿಯ ಕಡೆಯ ಹಳ್ಳಿಯಲ್ಲಿ, ಹಿತ್ತಿಲ ಹಲಸಿನ ಮರದಿಂದ ಊರಿನ ಆಚಾರಿ ಕೆತ್ತಿಕೊಟ್ಟ ಹಾವುಗೆ ಅದು. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಸಿಕ್ಕುವ ಒಂದು ಗುಬಟು. ಮುಂದೆ ಒಂದು, ಹಿಂದೆ ಒಂದು ಎತ್ತರದ ಕಟ್ಟು. ಅಷ್ಟೇ ಅದರ ಸಂಸಾರ. ಎರಡು ವರ್ಷದ ಹಿಂದೆ ಅಪ್ಪಯ್ಯ ನಮ್ಮಲ್ಲಿಗೆ ಬಂದು ನೆಲೆಸಿದಾಗ ಟ್ರಂಕಿನಲ್ಲಿ ಬಟ್ಟೆಯ ಮೇಲೆ ಅದನ್ನಿಟ್ಟುಕೊಂಡು ಬಂದರು.

ಮಲೆನಾಡಿನ ಮಳೆಗಾಲ ಕಂಡವರಿಗೆ ಹಾವುಗೆಯ ಉಪಯೋಗವನ್ನು ವಿವರಿಸಬೇಕಾಗಿಲ್ಲ. ನಾಲ್ಕು ತಿಂಗಳು ಅಂಗಳ ಒಣಗದ ಊರು. ಚರ್ಮದ ಜೋಡು ಆ ತೇವಕ್ಕೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಹಾವುಗೆಯಾದರೆ ಪಾದವನ್ನು ಕೆಸರಿನಿಂದ ಎರಡು ಅಂಗುಲ ಮೇಲೆ ಎತ್ತಿ ಹಿಡಿಯುತ್ತದೆ; ಒಂದು ತಂಬಿಗೆ ನೀರು ಹೊಯ್ದರೆ ಶುಭ್ರ. ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಚರ್ಮ ಮಡಿಗೆ ಬಾರದು, ಮರ ಬರುತ್ತದೆ. ಈ ಮಾತಿಗೆ ಆಮೇಲೆ ಬರುತ್ತೇವೆ.

ಈಗ ಘೋಡಬಂದರ್ ರಸ್ತೆಯ ಏಳನೆಯ ಮಹಡಿಯನ್ನು ಊಹಿಸಿಕೊಳ್ಳಿ. ಕನ್ನಡಿಯಂತೆ ಹೊಳೆಯುವ ಟೈಲ್ಸ್ ನೆಲ. ಬೆಳಗಿನ ನಾಲ್ಕೂವರೆ. ಅಪ್ಪಯ್ಯ ಏಳುತ್ತಾರೆ. ಟಕ್, ಟಕ್, ಟಕ್—ಕೋಣೆಯಿಂದ ಬಚ್ಚಲಿಗೆ, ಬಚ್ಚಲಿಂದ ದೇವರ ಗೂಡಿಗೆ. ಊರಿನ ಮಣ್ಣಿನ ನೆಲ ಆ ಸದ್ದನ್ನು ಕುಡಿದುಬಿಡುತ್ತಿತ್ತು. ಇಲ್ಲಿ ಅದು ಕೆಳಗಿನ ಮನೆಯವರ ನೆತ್ತಿಯ ಮೇಲೆ ಬೀಳುತ್ತಿತ್ತು.

ಮೂರನೆಯ ತಿಂಗಳಿಗೆ ಸೊಸೈಟಿಯಿಂದ ಕಾಗದ ಬಂತು. ‘ವಿಷಯ: ಬೆಳಗಿನ ಜಾವದ ಸದ್ದಿನ ಬಗ್ಗೆ.’ ಆ ಜಾತಿಯ ಕಾಗದಗಳನ್ನು ಸರ್ಕಾರಿ ಕಛೇರಿಯಲ್ಲಿ ಕೂತು ದಿನವೂ ಬರೆಯುವವರು ನಾವು. ನಮಗೇ ಒಂದು ಬಂದಾಗ ಮಾತ್ರ ಅದರ ಚುರುಕು ಗೊತ್ತಾಯಿತು. ಘೋಡಬಂದರ್ ಎಂಬ ಹೆಸರು ಬಂದದ್ದೇ ಕುದುರೆಗಳು ಇಳಿಯುತ್ತಿದ್ದ ಬಂದರಿನಿಂದ ಎನ್ನುತ್ತಾರೆ. ಅಷ್ಟೊಂದು ಗೊರಸಿನ ಸದ್ದನ್ನು ತಡೆದುಕೊಂಡ ನೆಲಕ್ಕೆ ಒಬ್ಬ ಮುದುಕನ ಎರಡು ಕಾಲು ಭಾರವಾದವೇ ಎಂದು ಒಂದು ಉತ್ತರವನ್ನು ಮನಸ್ಸಿನಲ್ಲೇ ಬರೆದೆವು. ಕಾಗದದ ಮೇಲೆ ಬರೆದದ್ದು ಬೇರೆ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

ಸೂಕ್ತ ಕ್ರಮವೆಂದರೆ ಹಾವುಗೆಯನ್ನು ಕಪಾಟಿನ ಮೇಲಕ್ಕೆ ಸೇರಿಸಿ, ಅಂಗಡಿಯಿಂದ ಮೆತ್ತಗಿನ ರಬ್ಬರ್ ಚಪ್ಪಲಿ ತಂದುಕೊಟ್ಟದ್ದು. ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಕಾಲನ್ನು ಚಪ್ಪಲಿಗೆ ಹಾಕಿ ತೆಗೆದು, “ಕಾಲಿಗೆ ಏನೂ ಹಾಕ್ಕಂಡಂಗೆ ಇಲ್ಲ ತಮಾ,” ಎಂದರು. ಅದನ್ನು ನಾವು ಹೊಗಳಿಕೆಯೆಂದೇ ತಿಳಿದೆವು.

ಆಗಸ್ಟಿನ ಒಂದು ಬೆಳಗ್ಗೆ ನಮ್ಮ ಮನೆಯವರು ಐದು ಗಂಟೆಗೆ ನೀರು ಹಿಡಿಯಲು ಎದ್ದಾಗ ಅಪ್ಪಯ್ಯ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದಿದ್ದರು. ಒದ್ದೆ ಟೈಲ್ಸಿನ ಮೇಲೆ ರಬ್ಬರ್ ಚಪ್ಪಲಿ ಜಾರಿತ್ತು. ಬಿದ್ದು ಅರ್ಧ ಗಂಟೆಯ ಹತ್ತಿರವಾಗಿತ್ತು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು; ಆದರೆ ಮೂರು ವಾರ ಹಾಸಿಗೆ ಬಿಡುವಂತಿರಲಿಲ್ಲ. “ಅಪ್ಪಯ್ಯ, ಒಂದು ಸಲ ಕೂಗಬಾರದಿತ್ತೆ?” ಎಂದು ಕೇಳಿದೆವು. ಅವರು ಹೇಳಿದ ಉತ್ತರ ಇದು: “ಕೂಗಿದ್ರೆ ಕೆಳಗಿನವ್ರಿಗೆ ಎಚ್ಚರ ಆಗ್ತಿತ್ತು.”

ಓದುಗರೆ, ಆ ಕಪಾಟಿನ ಕಡೆ ಕಣ್ಣೆತ್ತಿ ನೋಡಲು ನಮಗೆ ಎಷ್ಟೋ ದಿನ ಧೈರ್ಯ ಬರಲಿಲ್ಲ. ಆ ಟಕ್ ಟಕ್ ಬರಿಯ ಸದ್ದಾಗಿರಲಿಲ್ಲ. ಅಪ್ಪಯ್ಯ ಎದ್ದರು, ನಡೆದರು, ಕೂತರು ಎಂದು ಅರೆನಿದ್ದೆಯಲ್ಲೂ ನಮಗೆ ತಿಳಿಸುತ್ತಿದ್ದ ಗಂಟೆ ಅದು. ಅದರ ನಾಲಗೆಯನ್ನು ನಾವೇ ಕಿತ್ತಿದ್ದೆವು.

ಸುದ್ದಿ ತಿಳಿದು ಕೆಳಗಿನ ಮನೆಯ ಕಾಕಾ ಹಣ್ಣು ಹಿಡಿದುಕೊಂಡು ಮೇಲೆ ಬಂದರು. ಅರ್ಜಿ ಕೊಟ್ಟವರು ಅವರೇ. ಹೆಂಡತಿಗೆ ರಾತ್ರಿ ನಿದ್ದೆ ಬಾರದ ಕಾಯಿಲೆ. ಬೆಳಗಿನ ಜಾವದಲ್ಲಿ ಕಣ್ಣಿಗೆ ಒಂದಿಷ್ಟು ಜೋಂಪು ಹತ್ತುವಾಗಲೇ ಸದ್ದು ಶುರುವಾಗುತ್ತಿತ್ತಂತೆ. ಅವರದೂ ತಪ್ಪಲ್ಲ. ಅಪ್ಪಯ್ಯನ ಮಂಚದ ಪಕ್ಕ ಕೂತು ಅವರು ಮರಾಠಿಯಲ್ಲಿ ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಪ್ರತಿ ವರ್ಷ ನಿಮ್ಮ ಗಾಣಗಾಪುರಕ್ಕೆ ಬಂದು ದತ್ತ ಮಹಾರಾಜರ ಪಾದುಕೆಗೆ ತಲೆ ಬಾಗುವವನು ನಾನು. ಪಾದುಕೆ ತಾನಾಗಿಯೇ ತಲೆಯ ಮೇಲೆ ಬಂದಾಗ ಸೊಸೈಟಿಗೆ ಅರ್ಜಿ ಬರೆದೆ!” ಭೀಮಾ ಅಮರಜಾ ಸಂಗಮದ ಆ ಕ್ಷೇತ್ರ ಕಲಬುರಗಿ ಜಿಲ್ಲೆಯಲ್ಲಿದೆ, ಅಲ್ಲಿಗೆ ಹೋಗುವ ಯಾತ್ರಿಕರಲ್ಲಿ ಮರಾಠಿಗರು ಎಷ್ಟು ಮಂದಿ ಎಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಅಪ್ಪಯ್ಯ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಗಣೇಶನ ಹಬ್ಬಕ್ಕೆ ನಮ್ಮ ಅಕ್ಕನ ಮಗಳು ಸ್ವೀಡನ್ನಿನಿಂದ ಬಂದಳು. ಬರುವಾಗ ಅತ್ತೆಗೆಂದು ಒಂದು ಜೊತೆ ಮರದ ಜೋಡು ತಂದಿದ್ದಳು. ನಮ್ಮ ಮನೆಯವರು ಶಾಲೆಯಲ್ಲಿ ಪಾಠ ಹೇಳುವವರು. ದಿನಕ್ಕೆ ಐದಾರು ಪೀರಿಯಡ್ ನಿಂತೇ ಇರಬೇಕು, ಸಂಜೆಗೆ ಹಿಮ್ಮಡಿ ಹಿಡಿದುಕೊಂಡು ಕೂರುವುದು ಅಭ್ಯಾಸವಾಗಿಬಿಟ್ಟಿತ್ತು. ಆ ದೇಶದಲ್ಲಿ ಈ ಜೋಡಿಗೆ ‘ಟ್ರೇಸ್ಕೂ’ ಎನ್ನುತ್ತಾರೆ. ‘ಟ್ರೇ’ ಎಂದರೆ ಮರ, ‘ಸ್ಕೂ’ ಎಂದರೆ ಜೋಡು. ನಮ್ಮ ಮರಮೆಟ್ಟು ಎಂಬ ಹಾಗೆಯೇ. ಅಟ್ಟೆ ಆಲ್ಡರ್ ಎಂಬ ಹಗುರವಾದ ಮರದ್ದು. ಮೇಲುಹೊದಿಕೆ ಚರ್ಮದ್ದು, ಅದನ್ನು ಮರದ ಅಂಚಿನ ಸುತ್ತ ಮೊಳೆ ಹೊಡೆದು ಕೂರಿಸಿರುತ್ತಾರೆ. ಹಿಮ್ಮಡಿಯ ಕಡೆ ತೆರೆದೇ ಇರುತ್ತದೆ.

ಕೊಟ್ಟಿಗೆಯ ಕೆಸರಿನಲ್ಲಿ ಓಡಾಡುವ ರೈತರ ಜೋಡು ಅದು ಮೊದಲು. 1970ರ ದಶಕದಲ್ಲಿ ಜಗತ್ತಿಗೆಲ್ಲ ಫ್ಯಾಷನ್ ಆಯಿತು. ಆಸ್ಪತ್ರೆಯ ನರ್ಸುಗಳು, ಅಡಿಗೆಮನೆಯಲ್ಲಿ ನಿಂತು ದುಡಿಯುವವರು ಅದನ್ನು ಮೆಚ್ಚಿ ಮೆಟ್ಟಿದರು. ಕಾರಣ ಸರಳ. ಮೆತ್ತಗಿನ ಅಟ್ಟೆ ದಿನವಿಡೀ ನಿಂತರೆ ಕುಸಿಯುತ್ತದೆ; ಮರ ಕುಸಿಯುವುದಿಲ್ಲ. ಪಾದದ ಗುಣಿಗೆ ತಕ್ಕ ಉಬ್ಬು, ಹಿಮ್ಮಡಿಗೆ ತಕ್ಕ ತಗ್ಗು ಅದರಲ್ಲೇ ಕೆತ್ತಿರುತ್ತದೆ. ಮರ ಬಾಗದಾದ್ದರಿಂದ ಮುಂದಿನ ತುದಿಯನ್ನು ಮೇಲಕ್ಕೆ ಎತ್ತಿರುತ್ತಾರೆ. ಹೆಜ್ಜೆ ತೊಟ್ಟಿಲಿನ ಹಾಗೆ ಮುಂದಕ್ಕೆ ಉರುಳುತ್ತದೆ. ಬೆರಳುಗಳಿಗೆ ಹರವಾದ ಜಾಗ, ಬೆವರಿಗೆ ಗಾಳಿ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕಲ್ಲ. ಮೊದಲ ದಿನ ನಮ್ಮ ಮನೆಯವರು, “ಇದೇನು ಮಣೆಯ ಮೇಲೆ ನಿಂತ ಹಾಗಿದೆ,” ಎಂದು ತೆಗೆದಿಟ್ಟರು. ದಿನಕ್ಕೆ ಒಂದು ಗಂಟೆಯಂತೆ ರೂಢಿ ಮಾಡಿಕೊಂಡ ಮೇಲೆ ಎರಡನೆಯ ವಾರಕ್ಕೆ ಕಾಲು ಒಪ್ಪಿತು. ಈಗ ಸಂಜೆ ಹಿಮ್ಮಡಿಯ ಮಾತು ಕಡಿಮೆಯಾಗಿದೆ. ಆದರೆ ಇದನ್ನು ಮೆಟ್ಟಿ ಠಾಣೆ ಸ್ಟೇಷನ್ನಿನ ಮೆಟ್ಟಿಲು ಓಡಿ ಇಳಿದು ಲೋಕಲ್ ಹಿಡಿಯುವೆವೆಂಬ ಸಾಹಸ ಯಾರಿಗೂ ಬೇಡ. ಪಾದ ಹೊರಳಿ ಕಣಕಾಲು ಉಳುಕೀತು. ನೆನೆದರೆ ನೆರಳಿನಲ್ಲೇ ಒಣಗಿಸಬೇಕು. ಶಾಲೆಗೆ ಅವರು ಅದನ್ನು ಚೀಲದಲ್ಲಿ ಒಯ್ದು ಅಲ್ಲಿ ಬದಲಿಸಿಕೊಳ್ಳುತ್ತಾರೆ.

ಅಪ್ಪಯ್ಯ ಆ ಜೋಡನ್ನು ಕೈಗೆ ತೆಗೆದುಕೊಂಡು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಮೂಸಿದರು. ಬೋರಲು ಹಾಕಿದರು. ಮರದ ಅಡಿಗೆ ತೆಳ್ಳಗಿನ ರಬ್ಬರಿನ ಹಾಳೆ ಅಂಟಿಸಿತ್ತು. “ಇದೂ ಹಾವುಗೆನೇ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮದಕ್ಕೂ ಹೀಂಗೆ ಮಾಡ್ಲಕ್ಕು,” ಎಂದರು.

ಎಷ್ಟು ಸಣ್ಣ ಮಾತು! ಡಚ್ಚರು ಪೋಪ್ಲರ್, ವಿಲ್ಲೋ ಮರಗಳ ಇಡೀ ತುಂಡನ್ನೇ ಕೊರೆದು ಜೋಡು ಮಾಡಿದರು. ಜಪಾನಿನವರು ಹಲಗೆಗೆ ಎರಡು ಹಲ್ಲು ಕೂರಿಸಿ ‘ಗೆಟಾ’ ಎಂದರು. ಸ್ವೀಡನ್ನಿನವರು ಅಜ್ಜನ ಜೋಡಿಗೆ ಒಂದು ರಬ್ಬರಿನ ಹಾಳೆ ಸೇರಿಸಿ ಆಸ್ಪತ್ರೆಯವರೆಗೆ ನಡೆಸಿಕೊಂಡು ಹೋದರು. ನಾವೋ? ಪಾದುಕೆಯನ್ನು ಪೂಜೆಗೆ ಇಟ್ಟೆವು, ಯಕ್ಷಗಾನದ ಪ್ರಸಂಗದಲ್ಲಿ ಇಟ್ಟೆವು. ಕೆನಡಾದ ಟೊರಾಂಟೋ ನಗರದಲ್ಲಿ 1995ರಲ್ಲಿ ತೆರೆದ ಬಾಟಾ ಪಾದರಕ್ಷೆ ವಸ್ತುಸಂಗ್ರಹಾಲಯದಲ್ಲಿಯೂ ನಮ್ಮ ದೇಶದ ಪಾದುಕೆಗಳಿವೆ. ಕಾಲಿನಲ್ಲಿ ಮಾತ್ರ ಉಳಿಸಿಕೊಳ್ಳಲಿಲ್ಲ.

ನಡೆಯುವಂತಾದ ಮೇಲೆ ಅಪ್ಪಯ್ಯ ಹಾವುಗೆಯನ್ನು ಪೇಪರಿನಲ್ಲಿ ಸುತ್ತಿ, ನಮ್ಮ ಜೊತೆಗೆ ರಿಕ್ಷಾದಲ್ಲಿ ಹೊರಟರು. ರಸ್ತೆಯ ತಿರುವಿನಲ್ಲಿ ಛತ್ರಿಯ ಕೆಳಗೆ ಕೂರುವ ಚಮ್ಮಾರ ವಿಜಯಪುರದ ಕಡೆಯವನು, ನಮ್ಮ ಕನ್ನಡದವನೇ. ಅವನು ಹಾವುಗೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೊದಲು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಹಳೆಯ ಟೈರಿನ ರಬ್ಬರನ್ನು ಅಳತೆಗೆ ಕೊಯ್ದು ಅಂಟು ಹಚ್ಚಿದ. “ಸಣ್ಣ ಮೊಳಿ ಹಾಕತೇನ್ರೀ ಅಜ್ಜಾರ, ದೊಡ್ಡಾವಾದರ ಕಟ್ಟಿಗಿ ಸೀಳತೈತಿ,” ಎಂದು ಎಂಟೆಂಟು ಮೊಳೆ ಹೊಡೆದ. ಹಿಂದಿನ ಕಟ್ಟಿಗೆ ಒಂದು ಪದರ ಹೆಚ್ಚಾಗಿಯೇ ಕೊಟ್ಟ.

ಹಿಂದಿರುಗುವಾಗ ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದು, “ಚರ್ಮ ಮುಟ್ಟಬಾರ್ದು ಅಂತ ಮರ ಮೆಟ್ಟಿದವ ನಾನು. ಅದನ್ನ ಉಳಿಸಿಕೊಟ್ಟವ ಚರ್ಮದ ಕೆಲಸದವನೇ ನೋಡು,” ಎಂದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ತನ್ನ ತೊಡೆಯ ಚರ್ಮದಿಂದಲೇ ಜೋಡು ಮಾಡಿದ ಹರಳಯ್ಯನ ಕಥೆ ನಮ್ಮ ನೆನಪಿಗೆ ಬಂತು. ಎಪ್ಪತ್ತೆಂಟು ವರ್ಷದ ಮನುಷ್ಯ ತಾನಾಗಿಯೇ ಆ ಮಾತಿಗೆ ಬಂದಾಗ ನಾವು ಅದಕ್ಕೆ ವ್ಯಾಖ್ಯಾನ ಮಾಡುವುದು ಉಚಿತವೆನಿಸಲಿಲ್ಲ, ಸುಮ್ಮನಿದ್ದೆವು.

ಈಗ ಟಕ್ ಟಕ್ ಹೋಗಿ ಟಪ್ ಟಪ್ ಆಗಿದೆ. ಕೆಳಗೆ ಇಳಿಯುವುದಿಲ್ಲ, ನಮ್ಮ ಕಿವಿಗೆ ಸಾಕು. ಬಚ್ಚಲಿಗೆ ಮಾತ್ರ ಹಾವುಗೆಯೂ ಇಲ್ಲ, ಚಪ್ಪಲಿಯೂ ಇಲ್ಲ. ಗೋಡೆಗೆ ಹಿಡಿಕೆ ಹಾಕಿಸಿ ಒರಟು ಚಾಪೆ ಹಾಸಿದ್ದೇವೆ. ಮರದ ಮೇಲೆ ಎಷ್ಟೇ ಪ್ರೀತಿಯಿದ್ದರೂ ಒದ್ದೆ ಟೈಲ್ಸಿನ ಜೊತೆ ಅದಕ್ಕೆ ಸಂಬಂಧ ಬೆಳೆಸಬಾರದು.

ಊರಿನಿಂದ ಹಿರಿಯರನ್ನು ಕರೆತಂದ ಕುಟುಂಬಗಳು ನಮ್ಮ ಸಂಘದಲ್ಲಿ ಅನೇಕ. ಅವರ ಜೊತೆಗೆ ಒಂದು ಕೆಮ್ಮು, ಒಂದು ಸುಪ್ರಭಾತ, ಒಂದು ಕುಟ್ಟಾಣಿಯ ಸದ್ದು ಬಂದೇ ಬರುತ್ತದೆ. ಅದನ್ನು ನಿಲ್ಲಿಸುವ ಮೊದಲು, ಆ ಸದ್ದು ನಮಗೆ ಏನು ಹೇಳುತ್ತಿದೆ ಎಂದು ಒಮ್ಮೆ ಕೇಳಿಸಿಕೊಳ್ಳೋಣ ಎಂಬುದಷ್ಟೇ ನಮ್ಮ ಅರಿಕೆ.

ಮೊನ್ನೆ ಲಿಫ್ಟಿನಲ್ಲಿ ಕಾಕಾ ಸಿಕ್ಕಿದರು. “ಈಗೀಗ ಏನೂ ಕೇಳಿಸುವುದಿಲ್ಲ. ಬಾಬಾ ಎದ್ದರೋ ಇಲ್ಲವೋ ಎಂದು ನನಗೇ ನಾಲ್ಕೂವರೆಗೆ ಎಚ್ಚರವಾಗುತ್ತದೆ,” ಎಂದರು. ಇದಕ್ಕೆ ಯಾವ ಕ್ರಮ ಕೈಗೊಳ್ಳಬೇಕೆಂದು ನಾವು ಯೋಚಿಸುತ್ತಿದ್ದೇವೆ.