ಚರಂಡಿಗೆ ಒಡೆಯರಾರು?

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟವನ್ನು ನಮ್ಮ ವಾಚಕರಲ್ಲಿ ಹಲವರು ಕುವೆಂಪು ವಿಶ್ವವಿದ್ಯಾನಿಲಯದ ಮೂಲಕ ಬಲ್ಲರು. 1987ರಲ್ಲಿ ಸ್ಥಾಪಿತವಾದ ಆ ವಿದ್ಯಾಸಂಸ್ಥೆಯ ಆವರಣಕ್ಕೆ ಜ್ಞಾನಸಹ್ಯಾದ್ರಿಯೆಂದು ಹೆಸರು. ಸಮೀಪದಲ್ಲಿಯೇ ಭದ್ರಾ ಅಣೆಕಟ್ಟು. ಅದರ ಕೆಲಸಕ್ಕಾಗಿ ಎದ್ದ ವಸತಿಯನ್ನು ಜನರು ಇಂದಿಗೂ ಬಿ.ಆರ್.ಪಿ. ಎಂದೇ ಕರೆಯುವರು. ಹೀಗೆ ವಿಶ್ವವಿದ್ಯಾನಿಲಯ, ನೀರಾವರಿ, ಅರಣ್ಯ, ಲೋಕೋಪಯೋಗಿ, ಗ್ರಾಮ ಪಂಚಾಯಿತಿ ಎಂದು ಹಲವು ಒಡೆತನಗಳು ಒಂದೇ ಸೀಮೆಯಲ್ಲಿ ನೆರೆಹೊರೆಯಾಗಿವೆ. ಭದ್ರಾವತಿಯಲ್ಲಿಯೂ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದಂದಿನಿಂದ ಕಾರ್ಖಾನೆಯ ಬೀದಿಗಳು ಬೇರೆ, ಊರಿನ ಬೀದಿಗಳು ಬೇರೆ. ಇಂತಹ ಸ್ಥಳಗಳಲ್ಲಿ ದೀಪವೊಂದು ಆರಿದರೆ, ಅದನ್ನು ಹತ್ತಿಸುವುದಕ್ಕಿಂತ ಮೊದಲು ಅದರ ಒಡೆಯರನ್ನು ಹುಡುಕಬೇಕಾಗುವುದು.

ಈ ಪಾಠವನ್ನು ನಾನು ಕಲಿತುದು ನನ್ನ ತಂಗಿಯ ಮನೆಯಲ್ಲಿ. ಊರಿನ ಹೆಸರು ಬೇಡ. ಅವರ ಬೀದಿಯ ಚರಂಡಿ ಕಟ್ಟಿಕೊಂಡು, ಮಳೆ ಬಂದಾಗಲೆಲ್ಲ ಕೊಳಚೆ ನೀರು ಬಾವಿಯ ಕಟ್ಟೆಯವರೆಗೆ ಬರುತ್ತಿದ್ದಿತು. ಬೀದಿಯವರು ಅರ್ಜಿ ಬರೆದು ಮೂವತ್ತು ಮಂದಿ ರುಜು ಹಾಕಿ ಒಯ್ದರು. ಚರಂಡಿ ರಸ್ತೆಗೆ ಸೇರಿದುದು, ರಸ್ತೆಯವರನ್ನು ಕೇಳಿ ಎಂದರು ಅಲ್ಲಿನ ಗುಮಾಸ್ತರು. ರಸ್ತೆಯವರು, ಡಾಂಬರು ಮಾತ್ರ ನಮ್ಮದು, ಚರಂಡಿ ನಮ್ಮದಲ್ಲ ಎಂದರು. ಎರಡು ಮಳೆಗಾಲ ಕಳೆದುವು. ಎರಡನೆಯದರಲ್ಲಿ ತಂಗಿಯ ಮಗನಿಗೆ ವಿಷಮಶೀತಜ್ವರ ಬಂದು ಇಪ್ಪತ್ತೆರಡು ದಿನ ಮಲಗಿದನು. ಬಾವಿಯ ನೀರಿನಿಂದಲೇ ಬಂದಿತೆಂದು ವೈದ್ಯರು ಖಂಡಿತವಾಗಿ ಹೇಳಲಿಲ್ಲ; ಅಲ್ಲವೆಂದೂ ಹೇಳಲಿಲ್ಲ.

ಆಮೇಲೆ ಗಂಟು ಬಿಚ್ಚಿದವರು ಆ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು. ‘ಚರಂಡಿ ಯಾವಾಗ ಸರಿಮಾಡುವಿರಿ ಎಂದು ಕೇಳಬೇಡಿರಮ್ಮ, ಇದು ಯಾರ ದಫ್ತರಿನಲ್ಲಿದೆ ಎಂದು ಕೇಳಿರಿ’ ಎಂದರು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ತೆತ್ತು, ಆ ರಸ್ತೆ ಯಾರ ವಶದಲ್ಲಿದೆಯೆಂಬ ದಾಖಲೆಯ ನಕಲನ್ನು ಮಾತ್ರ ಬೇಡಿದರು. ಈ ಕಾಯಿದೆಯು ದಾಖಲೆಯನ್ನು ಕೊಡಿಸುವುದೇ ಹೊರತು ಭರವಸೆಯನ್ನಲ್ಲ; ಇದನ್ನರಿಯದೆ ಅದರಡಿಯಲ್ಲಿ ದೂರು ಬರೆದು ನಿರಾಶರಾದವರು ಬಹಳ ಮಂದಿ. ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಇಪ್ಪತ್ತೆಂಟನೆಯ ದಿನ ನಕಲು ಬಂದಿತು. ರಸ್ತೆಯೂ ಚರಂಡಿಯೂ ಮೊದಲು ಅರ್ಜಿ ಕೊಟ್ಟ ಕಚೇರಿಯವೇ! ಆ ಹಾಳೆಯನ್ನು ಲಗತ್ತಿಸಿ ಹೊಸ ಅರ್ಜಿ ಕೊಟ್ಟು, ಮೊಹರು ಬಿದ್ದ ಸ್ವೀಕೃತಿಯನ್ನು ಪಡೆದು ಬಂದರು. ಹಿಂದಿನ ಎರಡು ಅರ್ಜಿಗಳಿಗೆ ಸ್ವೀಕೃತಿ ಪಡೆದಿರಲಿಲ್ಲ; ಆದುದರಿಂದ ಕಚೇರಿಯ ಲೆಕ್ಕದಲ್ಲಿ ಅವು ಹುಟ್ಟಿಯೇ ಇರಲಿಲ್ಲ.

ಗುಮಾಸ್ತರನ್ನೇ ದೂರುವುದು ನನಗೆ ಸರಿದೋರದು. ಕಡತದಲ್ಲಿಲ್ಲದ ಚರಂಡಿಗೆ ಹಣ ಬರೆದರೆ ನಾಳೆ ಉತ್ತರ ಹೇಳಬೇಕಾದವರು ಅವರೇ. ಆದರೆ ‘ನಮ್ಮದಲ್ಲ’ ಎನ್ನುವ ಮೊದಲು ಪುಸ್ತಕವನ್ನು ತೆರೆದು ನೋಡಬಹುದಾಗಿತ್ತು.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ, ಊರಿನ ಕೊರತೆಯನ್ನು ಹೇಳಿಕೊಳ್ಳಲು ಪ್ರತಿನಿಧಿಗಳು ದಸರೆಗೆ ರಾಜಧಾನಿಗೆ ಹೋಗಬೇಕಾಗಿತ್ತು. ಇಂದು ಅಷ್ಟು ದೂರವಿಲ್ಲ. 1993ರ ಪಂಚಾಯಿತಿ ಕಾಯಿದೆಯಂತೆ ಹಳ್ಳಿಗಳಲ್ಲಿ ವಾರ್ಡು ಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಹೆಂಗಸರಿರಬೇಕೆಂದೂ ಅದರಲ್ಲಿದೆ. ಬಾವಿಯ ನೀರು ಯಾವ ದಿನ ಕೆಟ್ಟಿತೆಂಬುದು ಮನೆಯಲ್ಲಿ ಮೊದಲು ತಿಳಿಯುವುದು ಅವರಿಗೇ ತಾನೆ? ಸಭೆಯಲ್ಲಿ ಆಡಿದ ಮಾತು ನಡವಳಿಯ ಪುಸ್ತಕಕ್ಕೆ ಇಳಿಯಿತೇ ಎಂದು ನೋಡಿಕೊಂಡೇ ಅವರು ಎದ್ದು ಬರಬೇಕು.

ತಂಗಿಯ ಬೀದಿಗೆ ಕಲ್ಲುಚಪ್ಪಡಿಯ ಚರಂಡಿ ಬಂದಿದೆ. ಆದರೆ ದೇವಸ್ಥಾನದ ಮೂಲೆಯವರೆಗೆ ಮಾತ್ರ. ಅಲ್ಲಿಂದ ಮುಂದಿನದು ಇನ್ನೊಂದು ಇಲಾಖೆಯದಂತೆ. ಉಪಾಧ್ಯಾಯರು ಮತ್ತೊಂದು ಹತ್ತು ರೂಪಾಯಿ ಕಟ್ಟಿದ್ದಾರೆ.